ನಿಲ್ಲಿಸಿ ಓಡಿಸುವ ಎಣ್ಣೆ ಅಕ್ಕ

ಶೆಡ್ಡಿನ ಮೇಲ್ಗಡೆಯ ಗಾಜುಗಳಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಒಳಗೆ ಮಾತ್ರ ಹೊತ್ತಿನ ಪರಿವೆಯೇ ಇಲ್ಲದ ಸದ್ದು. ತಗಡು ಕತ್ತರಿಸುವ ಸದ್ದು, ಅದನ್ನು ದುಂಡಗೆ ಸುತ್ತುವ ಸದ್ದು, ತಳ ಒತ್ತುವ ಸದ್ದು. ಇದೆಲ್ಲದರ ಮೇಲೆ ಸಾಲುಗಟ್ಟಿದ ಖಾಲಿ ಡಬ್ಬಿಗಳು ಬೆಲ್ಟಿನ ಮೇಲೆ ಒಂದನ್ನೊಂದು ನೂಕಿಕೊಂಡು ಹೋಗುವ ಗಲಾಟೆ. ಬಣ್ಣದ ಕಂಪನಿಗಳಿಗೆ ತಗಡಿನ ಡಬ್ಬಿ ಮಾಡಿಕೊಡುವ ಕಾರ್ಖಾನೆ ಇದು. ರಾತ್ರಿ ಪಾಳಿಯವರು ಆಕಳಿಸುತ್ತಿದ್ದಾರೆ. ಬೆಳಗಿನ ಪಾಳಿಯವರು ಬಾಗಿಲ ಬಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ, ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡ, ಗಿಡ್ಡನೆಯ ಹೆಂಗಸೊಬ್ಬರು ಸಾಲಿನ ನಡುವೆ ಬಂದು ನಿಂತು ಬಲಗೈ ಮೇಲೆತ್ತುತ್ತಾರೆ.

ಕೈ ಎತ್ತಿದ್ದೇ ತಡ, ಮೊದಲ ಮೆಷಿನ್ನಿಗೆ ತಗಡು ಹಾಕುವುದು ನಿಲ್ಲುತ್ತದೆ. ಬೆಲ್ಟಿನ ಮೇಲೆ ಉಳಿದ ಡಬ್ಬಿಗಳು ಮುಂದೆ ಸಾಗಿ ದಾಟಿಕೊಂಡ ಹಾಗೆಲ್ಲ ಒಂದೊಂದೇ ಮೆಷಿನ್ನು ಬಾಯಿ ಮುಚ್ಚುತ್ತದೆ. ಕೊನೆಗೆ ಅವರೇ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದು, ಅದಕ್ಕೊಂದು ಪುಟ್ಟ ಬೀಗ ಜಡಿದು, ಬೀಗದ ಕೈಯನ್ನು ಕೋಟಿನ ಒಳಜೇಬಿಗೆ ಸೇರಿಸುತ್ತಾರೆ. ಆಮೇಲಿನ ಮೌನ ಎಂಥದ್ದೆಂದರೆ, ಹೊಸಬರಿಗೆ ಕಿವಿಯೇ ಕೆಟ್ಟಿತೇನೋ ಎಂದು ಗಾಬರಿಯಾಗುತ್ತದೆ. ಗೋಡೆ ಗಡಿಯಾರಕ್ಕೂ ಒಂದು ಸದ್ದಿದೆ ಎಂದು ತಿಳಿಯುವುದು ಆಗಲೇ. ಮಾಡಿನ ತಗಡಿನ ಮೇಲೆ ಪಾರಿವಾಳ ನಡೆದಾಡುವುದೂ ಕೇಳಿಸುತ್ತದೆ.

"ಬೀಗ ಬಿತ್ತು. ಈಗ ಕೈ ಹಾಕ್ರಪ್ಪಾ," ಎನ್ನುತ್ತಾರೆ ಅವರು. ಎರಡೂ ಪಾಳಿಯವರು ಬಟ್ಟೆ, ಬ್ರಷ್ಷು, ಸ್ಪ್ಯಾನರ್ ಹಿಡಿದು ಮೆಷಿನ್ನುಗಳ ಮೇಲೆ ಬಾಗುತ್ತಾರೆ.

ಕಾರ್ಖಾನೆಗೆಲ್ಲ ಇವರು ಎಣ್ಣೆ ಅಕ್ಕ. ಮೆಷಿನ್ನುಗಳಿಗೆ ಎಣ್ಣೆ, ಗ್ರೀಸು ಕೊಡುವುದು, ಸಡಿಲಾದದ್ದನ್ನು ಬಿಗಿ ಮಾಡಿಸುವುದು, ಸವೆದದ್ದನ್ನು ಮುರಿಯುವ ಮುಂಚೆ ಬದಲಾಯಿಸುವುದು ಇವರ ಕೆಲಸ. ಡಬ್ಬಿ ಹೆಚ್ಚು ಬರಲಿ ಎಂದು ಬೇರೆಯವರು ಮೆಷಿನ್ನನ್ನು ಓಡಿಸುತ್ತಾರೆ. ಅದೇ ಉದ್ದೇಶಕ್ಕೆ ಇವರು ಮೆಷಿನ್ನನ್ನು ನಿಲ್ಲಿಸುತ್ತಾರೆ. ದಿನಕ್ಕೆ ಅರ್ಧ ಗಂಟೆ, ಪಾಳಿ ಬದಲಾಗುವ ಹೊತ್ತಿಗೆ, ಮಳೆ ಬರಲಿ ಬಿಸಿಲಿರಲಿ. ಕೇಳಿದವರಿಗೆ ಇದು ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ. ಅಕ್ಕ ನಗುತ್ತಾರೆ. "ನೀವು ದಿನಾ ನಿದ್ದೆ ಮಾಡ್ತೀರಲ್ವಾ? ನಿದ್ದೆ ಮಾಡಿದ್ದು ದಂಡ ಅಂತ ಯಾರಾದ್ರೂ ಅಂದಿದ್ದಾರಾ? ಇದಕ್ಕೂ ಅಷ್ಟೇ. ನಾವಾಗಿ ನಿಲ್ಲಿಸದೇ ಇದ್ರೆ, ಅದಾಗಿ ನಿಲ್ಲುತ್ತೆ. ಅದಾಗಿ ನಿಂತಾಗ ನಮ್ಮ ಮಾತು ಕೇಳಲ್ಲ."

ಸಾಲಿನಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಮೆಷಿನ್ನುಗಳನ್ನು ನೋಡದೆ ಅಕ್ಕನ ಕಥೆ ಮುಂದೆ ಹೋಗುವುದಿಲ್ಲ. ಡಬ್ಬಿಯ ತಳವನ್ನು ಒತ್ತಿ ಕೊಡುವ ಹಳೆಯ ಪ್ರೆಸ್ಸಿಗೆ 'ಅತ್ತೆ' ಎಂದು ಹೆಸರು. ಗಡಸು ದನಿ, ಗಟ್ಟಿ ಮೈ, ಯಾವ ಕಾಲದ್ದೋ ದೇವರಿಗೇ ಗೊತ್ತು. ಆ ತಳವನ್ನು ಡಬ್ಬಿಯ ಮೈಗೆ ಮಡಿಚಿ ಕೂರಿಸುವ ಹೊಸ ಮೆಷಿನ್ನು 'ಸೊಸೆ'. ಮೈತುಂಬ ಹೊಳಪು, ಮೂಗಿನ ಮೇಲೆ ಕೋಪ. ಅತ್ತೆ ಕೊಟ್ಟ ತಳ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸೊಸೆ ಮುನಿಸಿಕೊಂಡು ನಿಂತುಬಿಡುತ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದು ಮನೆಗಳಲ್ಲಿ. ಇಲ್ಲಿ ಇಬ್ಬರದೂ ಒಟ್ಟಿಗೇ ನಡೆಯಬೇಕು, ಇಲ್ಲದಿದ್ದರೆ ಡಬ್ಬಿ ಸೋರುತ್ತದೆ.

ಸೊಸೆಯನ್ನು ಓಡಿಸುವ ಆಪರೇಟರನ ಹೆಸರು ಗುಡುಗು. ಮೆಷಿನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ ಅವನ ದನಿಗೆ ಮೆತ್ತಗಾಗುವುದೇ ಮರೆತುಹೋಗಿದೆ. ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಅವನ ಹೆಂಡತಿಯೇ ಹೇಳುವುದುಂಟು. ಶೆಡ್ಡಿನ ಗೋಡೆಗೆ ನೇತುಹಾಕಿದ ಫೋನಿನಲ್ಲಿ ಅವನು 'ಹಲೋ' ಎಂದರೆ ಆ ಕಡೆಯವರು ಫೋನನ್ನು ಮೊಳದೂರ ಹಿಡಿಯುತ್ತಾರೆ. ಎಣ್ಣೆ ಅಕ್ಕ ಅವನನ್ನು 'ಅಣ್ಣ' ಎನ್ನುತ್ತಾರೆ, ಅವನು ಇವರನ್ನು 'ಅಕ್ಕ' ಎನ್ನುತ್ತಾನೆ. ಇಬ್ಬರಲ್ಲಿ ದೊಡ್ಡವರು ಯಾರೆಂದು ಇಬ್ಬರೂ ಬಾಯಿಬಿಟ್ಟಿಲ್ಲ.

ಈ ಹೊತ್ತು ಅಕ್ಕನ ಮುಖದಲ್ಲಿ ಸಣ್ಣ ಕಳವಳವಿದೆ. ನಾಳೆ ಅವರು ಬರುವುದಿಲ್ಲ. ಮನೆಯಲ್ಲಿರುವ ಅತ್ತೆಗೆ, ಅಂದರೆ ಗಂಡನ ತಾಯಿಗೆ, ಕಣ್ಣಿನ ಪೊರೆಯ ಆಪರೇಷನ್. ಈ ನಿಲುಗಡೆ ಶುರುವಾದ ಮೇಲೆ ಅವರು ರಜೆ ಹಾಕುತ್ತಿರುವುದು ಇದೇ ಮೊದಲು. ಅದೂ ಎಂಥ ದಿನ! ದೊಡ್ಡ ಆರ್ಡರಿನ ಲಾರಿ ನಾಳೆ ಮಧ್ಯಾಹ್ನ ಬಾಗಿಲಿಗೆ ಬರುತ್ತದೆ, ಡಬ್ಬಿ ಇನ್ನೂ ಕಡಿಮೆ ಬಿದ್ದಿದೆ. ಅರ್ಧ ಗಂಟೆ ಮೆಷಿನ್ ನಿಲ್ಲಿಸದೆ ಓಡಿಸೋಣ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪೆನ್ನಲಾಗದು. ಒಂದು ದಿನ ತಪ್ಪಿದರೆ ಏನು ಮಹಾ ಎನ್ನಬಹುದು. ಆ ಒಂದು ದಿನವೇ ಅಕ್ಕನಿಗೆ ಭಯ. "ನಾನು ಕೈ ಎತ್ತುತ್ತೀನಿ ಅಂತ ನಿಲ್ಲಿಸ್ತಾರೋ, ನಿಲ್ಲಬೇಕು ಅಂತ ನಿಲ್ಲಿಸ್ತಾರೋ? ನನ್ನ ದಾಕ್ಷಿಣ್ಯಕ್ಕೆ ನಿಂತಿದ್ರೆ ನಾನು ಮಾಡಿದ್ದು ಏನೂ ಇಲ್ಲ ಬಿಡಿ. ನಾನು ಮನೆಗೆ ಹೋದ ದಿನ ಎಲ್ಲಾ ಮೊದಲಿನ ಹಾಗೇ."

ಮೊದಲಿನ ಹಾಗೆ ಎಂದರೆ ಹೇಗಿತ್ತು ಎಂದು ತಿಳಿಯಬೇಕಾದರೆ ಅವರ ಹಳೆಯ ಜಾಗಕ್ಕೆ ಹೋಗಬೇಕು. ಶೆಡ್ಡಿನ ಕೊನೆಯಲ್ಲಿ ನೀರಿನ ತೊಟ್ಟಿಯೊಂದಿದೆ. ತಯಾರಾದ ಡಬ್ಬಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಬಂದರೆ ಡಬ್ಬಿ ಸೋರುತ್ತದೆ ಎಂದರ್ಥ, ಅದು ರದ್ದಿಗೆ. ಅಕ್ಕ ಈ ಕಾರ್ಖಾನೆಗೆ ಸೇರಿದ್ದು ಆ ತೊಟ್ಟಿಯ ಮುಂದೆ ಕೂರಲು. ವರ್ಷಗಟ್ಟಲೆ ಕೈ ನೀರಲ್ಲೇ. ಚಳಿಗಾಲದಲ್ಲಿ ಬೆರಳು ಮರಗಟ್ಟಿ ಮನೆಗೆ ಹೋದಮೇಲೆ ಸೀರೆಯ ನೆರಿಗೆ ಹಿಡಿಯುವುದೂ ಕಷ್ಟವಾಗುತ್ತಿತ್ತಂತೆ. "ಗುಳ್ಳೆ ನೋಡೋದೇ ಕೆಲಸ. ಚೆನ್ನಾಗಿರೋ ಡಬ್ಬಿ ನನ್ನ ಕೈಲಿ ಒಂದು ಕ್ಷಣ ಇರೋದು. ಕೆಟ್ಟಿದ್ದೇ ನನ್ನ ಹತ್ರ ಉಳಿಯೋದು. ಸಂಜೆ ಹೊತ್ತಿಗೆ ನನ್ನ ಪಕ್ಕ ಕೆಟ್ಟ ಡಬ್ಬಿಗಳ ಗುಡ್ಡೆ. ಬೇಜಾರಾಗ್ತಿತ್ತು. ಇದೆಲ್ಲಾ ಇಲ್ಲಿಗೆ ಬರೋಕ್ಕೆ ಮುಂಚೆ ಯಾರಾದ್ರೂ ಒಂದು ಮಾತು ಕೇಳಬಾರದಾ ಅನ್ನಿಸ್ತಿತ್ತು."

ಕೇಳುವವರು ಒಬ್ಬರಿದ್ದರು. ಎಲ್ಲರೂ ಫಿಟ್ಟರ್ ಮಾವ ಎಂದು ಕರೆಯುತ್ತಿದ್ದ ಮುದುಕರು. ಕೆಟ್ಟ ಮೆಷಿನ್ನನ್ನು ರಿಪೇರಿ ಮಾಡುವುದರಲ್ಲೇ ಅವರ ಆಯಸ್ಸು ಕಳೆದಿತ್ತು. ನಿವೃತ್ತಿಗೆ ಮುಂಚೆ ಯಾರಿಗಾದರೂ ಕಲಿಸಬೇಕೆಂಬ ಆಸೆ ಅವರದು, ಕಲಿಯುವವರಿಗೆ ಪುರುಸೊತ್ತಿಲ್ಲ. ಊಟದ ವೇಳೆಯಲ್ಲಿ ಬುತ್ತಿ ಬೇಗ ಮುಗಿಸಿ ಅಕ್ಕ ಅವರ ಹಿಂದೆ ಸುತ್ತತೊಡಗಿದರು. ಬೇರಿಂಗಿಗೆ ಕೈ ಇಟ್ಟು ಬಿಸಿ ನೋಡುವುದು, ಬೋಲ್ಟಿನ ತಲೆ ತಟ್ಟಿ ಸಡಿಲವೋ ಬಿಗಿಯೋ ತಿಳಿಯುವುದು, ಬೆಲ್ಟು ಒತ್ತಿ ಅದರ ಬಿಗುವು ಅಳೆಯುವುದು. ಮಾವ ಹೋಗುವ ದಿನ ತಮ್ಮ ಗ್ರೀಸ್ ಗನ್ನನ್ನು ಅಕ್ಕನ ಕೈಗಿಟ್ಟು ಹೇಳಿದರು: "ನಾನು ಬರೀ ಮುರಿದದ್ದು ಕೂಡಿಸ್ದೆ ಕಣಮ್ಮಾ. ಮುರಿಯದ ಹಾಗೆ ನೋಡ್ಕೊಳ್ಳೋಕ್ಕೆ ನನಗೆ ಯಾರೂ ಹೊತ್ತು ಕೊಡ್ಲಿಲ್ಲ. ನೀನು ಕೇಳು."

ಮನೆಯಲ್ಲಿ ಮೊದಮೊದಲು ಅಡ್ಡಿಯೇ. ನೀರಿನ ಕೆಲಸವಾದರೆ ನೀರು ಒಣಗುತ್ತದೆ, ಗ್ರೀಸಿನ ವಾಸನೆ ಹೋಗುತ್ತದೆಯೇ? "ಮನೆಗೆ ಬಂದ್ರೆ ಗ್ಯಾರೇಜು ಬಂದ ಹಾಗಿದೆ," ಎಂದು ಅತ್ತೆ ಮೂಗು ಮುಚ್ಚಿಕೊಂಡರು. ಹಾಗೆಂದವರೇ ಒಂದು ದಿನ ಕೋಣೆಯ ಬಾಗಿಲು ಕಿರುಗುಟ್ಟುತ್ತದೆಂದು ಸೊಸೆಯಿಂದ ಎಣ್ಣೆ ಹಾಕಿಸಿದರು. ಮರುದಿನ ಪಕ್ಕದ ಮನೆಯ ಬಾಗಿಲು. ಆಮೇಲೆ ಎದುರು ಮನೆಯ ಗೇಟು, ಮೂಲೆ ಅಂಗಡಿಯ ಶಟರು. ಸೊಸೆಯ ಕೈಗುಣವನ್ನು ಅತ್ತೆ ಸೊಸೆಯ ಮುಂದೆ ಇವತ್ತಿಗೂ ಹೊಗಳಿಲ್ಲ, ಬೀದಿಗೆಲ್ಲ ಹೊಗಳಿ ಬಂದಿದ್ದಾರೆ. ಈಗ ಆ ಬೀದಿಯಲ್ಲಿ ಕಿರುಗುಟ್ಟುವ ಬಾಗಿಲು ಒಂದೂ ಇಲ್ಲ. ತಡವಾಗಿ ಮನೆಗೆ ಬರುವ ಗಂಡಸರಿಗೆ ಇದರಿಂದ ಬಹಳ ಅನುಕೂಲವಾಗಿದೆ ಎಂದು ಅಕ್ಕನ ಗಂಡ ತಮಾಷೆ ಮಾಡುತ್ತಾರೆ. ಅವರು ಟೈಲರ್, ಬೀದಿಯ ತುದಿಯಲ್ಲಿ ಒಂದೇ ಹೊಲಿಗೆ ಯಂತ್ರವಿರುವ ಪುಟ್ಟ ಅಂಗಡಿ. ಈ ಕಥೆಗೆ ಮುಂದೆ ಬೇಕಾಗುವ ಚಿಂದಿ ಬಟ್ಟೆ ಬಂದದ್ದು ಅಲ್ಲಿಂದಲೇ.

ಫಿಟ್ಟರ್ ಮಾವ ಹೇಳಿದಂತೆ ಅಕ್ಕ ಹೊತ್ತು ಕೇಳಿದರು. ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತು, ದಿನಕ್ಕೆ ಅರ್ಧ ಗಂಟೆ ಮೆಷಿನ್ ನಿಲ್ಲಿಸಿ ಕೊಡಿ, ಡಬ್ಬಿ ಹೆಚ್ಚು ಕೊಡುತ್ತೇನೆ ಎಂದರು. ಮ್ಯಾನೇಜರ್ ಕೆಟ್ಟವರಲ್ಲ, ಆದರೆ ಅವರ ತಲೆಯ ಮೇಲೂ ತಲೆಗಳಿವೆ. ಸಾಲು ದಿನಕ್ಕೆ ನಾಲ್ಕೈದು ಸಲ ಗಕ್ಕನೆ ನಿಲ್ಲುತ್ತಿದ್ದುದು ಅವರಿಗೂ ತಲೆನೋವೇ. "ನೋಡಮ್ಮಾ, ಮೂರು ತಿಂಗಳು ಕೊಡ್ತೀನಿ. ಡಬ್ಬಿ ಹೆಚ್ಚಾದ್ರೆ ನಿಲುಗಡೆ ಉಳಿಯುತ್ತೆ. ಆಗದಿದ್ರೆ ನೀವು ಮತ್ತೆ ತೊಟ್ಟಿ ಹತ್ರ. ಆಗ ಬೇಜಾರು ಮಾಡ್ಕೋಬಾರದು," ಎಂದರು.

ನಿಲುಗಡೆಯ ಜತೆಗೆ ಅಕ್ಕ ಇನ್ನೊಂದು ಪದ್ಧತಿಯನ್ನೂ ತಂದರು. ಪ್ರತಿ ಮೆಷಿನ್ನಿನ ಪಕ್ಕದಲ್ಲಿ ನೆಲಕ್ಕೆ ನೆಟ್ಟ ಒಂದು ಕಂಬಿ, ಅದರ ಬುಡದಲ್ಲಿ ಗಂಡನ ಅಂಗಡಿಯ ಕೆಂಪು ಬಟ್ಟೆಯ ಚೂರುಗಳ ಡಬ್ಬಿ. ಕೆಲಸ ಮಾಡುವಾಗ ಯಾರಿಗೆ ಏನು ಅನುಮಾನ ಬಂದರೂ, ಅದು ಹೊಸ ಸದ್ದಿರಲಿ, ಸಡಿಲ ಬೋಲ್ಟಿರಲಿ, ಕೈಗೆ ತಗುಲಿದ ಬಿಸಿಯಿರಲಿ, ಆ ಕಂಬಿಗೊಂದು ಚಿಂದಿ ಕಟ್ಟಿ ಸುಮ್ಮನಿರಬೇಕು. ತಿರುಗುವ ಯಾವುದಕ್ಕೂ ಕಟ್ಟುವಂತಿಲ್ಲ, ಚಿಂದಿಯ ಜತೆ ಬೆರಳೂ ಹೋದೀತು. ಬೆಳಗಿನ ನಿಲುಗಡೆಯಲ್ಲಿ ಚಿಂದಿ ಕಂಡಲ್ಲಿ ಬಿಚ್ಚಿ ನೋಡುವುದು ಅಕ್ಕನ ಪಾಲು.

ಮೊದಲ ದಿನ ಒಂದು ಚಿಂದಿಯೂ ಇಲ್ಲ. ಎರಡನೆಯ ದಿನವೂ ಇಲ್ಲ. ತಿಂಗಳು ಕಳೆದರೂ ಕಂಬಿಗಳು ಬೋಳಾಗಿ ನಿಂತಿದ್ದವು. ಮೆಷಿನ್ನುಗಳಲ್ಲಿ ತೊಂದರೆ ಇರಲಿಲ್ಲವೆಂದಲ್ಲ. ತನ್ನ ಮೆಷಿನ್ನಿಗೆ ತಾನೇ ಚಿಂದಿ ಕಟ್ಟುವುದೆಂದರೆ ತನ್ನ ಮೇಲೆ ತಾನೇ ಚಾಡಿ ಹೇಳಿಕೊಂಡ ಹಾಗೆ ಎಂದು ಎಲ್ಲರ ಎಣಿಕೆ. ಅದರ ಮೇಲೆ ಅರ್ಧ ಗಂಟೆಯ ಡಬ್ಬಿ ಹೋಯಿತು, ಡಬ್ಬಿಯ ಮೇಲಿನ ಭತ್ಯೆ ಹೋಯಿತು ಎಂಬ ಸಿಟ್ಟು ಬೇರೆ. ಬಾಯಿ ಬಿಟ್ಟು ಹೇಳಿದವನು ಗುಡುಗು. "ಅಕ್ಕಾ, ಓಡೋ ಕುದುರೆಗೆ ಮೂಗುದಾರ ಹಾಕ್ತಿದೀರಾ!" ಎಂದು ಅವನು ಕೂಗಿದ್ದು ಆಫೀಸಿನವರೆಗೆ ಕೇಳಿಸಿತು. ಕುದುರೆಗೆ ಮೂಗುದಾರ ಹಾಕುವುದಿಲ್ಲ ಎಂದು ಯಾರೋ ತಿದ್ದಿದರು. ಅದಕ್ಕೂ ಅವನು ಗುಡುಗಿದ.

ಎಣ್ಣೆ ಅಕ್ಕ ಬಿಡಲಿಲ್ಲ. ಯಾರು ಕಟ್ಟಲಿ ಬಿಡಲಿ, ತಾವೇ ನೋಡಿ, ಒರೆಸಿ, ಬಿಗಿ ಮಾಡಿದರು. ಎರಡನೆಯ ತಿಂಗಳಲ್ಲಿ ಲೆಕ್ಕ ತುಸು ಏರಿತು. ಮೂರನೆಯ ತಿಂಗಳಲ್ಲಿ ಇನ್ನೇನು ದಡ ಕಾಣುತ್ತಿದೆ ಎನ್ನುವಾಗ ಅವರು ಒಂದು ತಪ್ಪು ಮಾಡಿದರು. ಮೆಷಿನ್ನನ್ನು ಪ್ರೀತಿಸುವವರು ಮಾತ್ರ ಮಾಡುವಂಥ ತಪ್ಪು ಅದು.

ಸೊಸೆಯ ಬೇರಿಂಗಿಗೆ ಗ್ರೀಸ್ ಗನ್ನಿನಿಂದ ಎರಡು ಒತ್ತು ಸಾಕು ಎಂದು ಅದರ ಮೈಮೇಲಿನ ಫಲಕದಲ್ಲೇ ಬರೆದಿದೆ. ಅಕ್ಕನಿಗೆ ಅದು ಜಿಪುಣತನದ ಮಾತಾಗಿ ಕಂಡಿತು. ಕೊನೆಯ ವಾರಗಳಲ್ಲಿ ಸೊಸೆ ಒಮ್ಮೆಯೂ ಮುನಿಸಿಕೊಳ್ಳಬಾರದು ಎಂಬ ಆಸೆಗೆ ಮೂರು ಒತ್ತಿದರು, ಆಮೇಲೆ ನಾಲ್ಕು. ಉಣ್ಣುವ ಮಗುವಿಗೆ ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ತುರುಕುವ ಹಾಗೆ. ಅತಿಯಾದರೆ ಅಮೃತವೂ ವಿಷ. ಗ್ರೀಸು ಮಿತಿ ಮೀರಿ ತುಂಬಿದರೆ ಬೇರಿಂಗಿನ ಗುಂಡುಗಳು ಸಲೀಸಾಗಿ ಉರುಳುವುದಿಲ್ಲ, ಗ್ರೀಸನ್ನು ಕಡೆಯುತ್ತ ಕಡೆಯುತ್ತ ಕಾಯುತ್ತವೆ. ಒಂದು ಬೆಳಗಿನ ಪಾಳಿಯ ನಡುವೆ ಸೊಸೆಯಿಂದ ಸುಟ್ಟ ವಾಸನೆ ಬಂತು. ಗ್ರೀಸು ಹೊರಬರದಂತೆ ಹಿಡಿದಿಡುವ ಒಳಗಿನ ಸೀಲು ಒಡೆದು ಕಪ್ಪು ಗ್ರೀಸು ಡಬ್ಬಿಗಳ ಮೇಲೆಲ್ಲ ಚಿಮ್ಮಿತು. ಸಾಲು ನಿಂತಿತು. ಸಂಜೆಯವರೆಗೆ ಒಂದು ಡಬ್ಬಿಯೂ ಹೊರಬರಲಿಲ್ಲ.

ಮ್ಯಾನೇಜರ್ ಓಡಿಬಂದರು. ಗುಡುಗು ವೇಗ ಹೆಚ್ಚಿಸಿ ಓಡಿಸುವವನು ಎಂದು ಊರಿಗೇ ಗೊತ್ತು. ಎಲ್ಲರ ಕಣ್ಣೂ ಅವನ ಮೇಲೆ. "ನಾನು ಮುಟ್ಟಿಲ್ಲ ಸಾರ್!" ಎಂದು ಅವನು ಕೂಗುತ್ತಿದ್ದ. ಕೂಗಿದಷ್ಟೂ ಅವನೇ ತಪ್ಪಿತಸ್ಥನಂತೆ ಕಾಣುತ್ತಿದ್ದ, ಪಾಪ. ಮೆಷಿನ್ನು ಮಾರಿದ ಕಂಪನಿಯಿಂದ ಬಂದ ಇಂಜಿನಿಯರ್ ಮುಚ್ಚಳ ಬಿಚ್ಚಿದರು. ಕಿಕ್ಕಿರಿದ ಗ್ರೀಸು ಕಂಡಿತು. ಯಾರೂ ಮಾತಾಡುವ ಮೊದಲೇ ಎಣ್ಣೆ ಅಕ್ಕ ಕಂಬಿಯ ಬುಡದ ಡಬ್ಬಿಗೆ ಕೈ ಹಾಕಿ ಒಂದು ಕೆಂಪು ಚಿಂದಿ ತೆಗೆದರು. ಕಂಬಿಗೆ ಕಟ್ಟಲಿಲ್ಲ. ತಮ್ಮ ಗ್ರೀಸ್ ಗನ್ನಿನ ಹಿಡಿಗೆ ಎಲ್ಲರೆದುರು ಬಿಗಿಯಾಗಿ ಗಂಟು ಹಾಕಿದರು.

ಆ ಗಳಿಗೆಯನ್ನು ಅವರು ಈಗ ಹೇಳುವುದು ಹೀಗೆ: "ಮುಗೀತು, ನಾಳೆಯಿಂದ ತೊಟ್ಟಿ ಹತ್ರ ಅಂದ್ಕೊಂಡೆ. ಅಳು ಬಂತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ತೊಂದರೆ ಇರೋ ಕಡೆ ಚಿಂದಿ ಕಟ್ಟಿ ಅಂತ ಊರಿಗೆಲ್ಲಾ ಹೇಳಿದವಳು ನಾನೇ ಅಲ್ವಾ? ಅವತ್ತು ತೊಂದರೆ ಇದ್ದಿದ್ದು ನನ್ನ ಕೈಯಲ್ಲಿ." ಅದೇ ಇಂಜಿನಿಯರ್ ಹತ್ತಿರ ಕೂತು ಗ್ರೀಸಿನ ಲೆಕ್ಕವನ್ನು ಮೊದಲಿನಿಂದ ಹೇಳಿಸಿಕೊಂಡರು. ಎರಡು ಒತ್ತು ಎಂದರೆ ಯಾಕೆ ಎರಡೇ ಎಂದು ಅವರು ಬಿಡಿಸಿ ಹೇಳಿದರು. ಬರೆದದ್ದನ್ನು ಓದಿಯೂ ನಂಬದೆ ಹೋದೆನಲ್ಲ ಎಂದು ಅಕ್ಕನಿಗೆ ಇವತ್ತಿಗೂ ನಾಚಿಕೆ.

ಮರುದಿನ ಬೆಳಿಗ್ಗೆ ಕೈ ಎತ್ತಲೂ ಹಿಂಜರಿಯುತ್ತ ಬಂದ ಅಕ್ಕನಿಗೆ ಸೊಸೆಯ ಪಕ್ಕದ ಕಂಬಿಯಲ್ಲಿ ಒಂದು ಚಿಂದಿ ಕಂಡಿತು. ಕಟ್ಟಿದವನು ಗುಡುಗು. ಬೀಗ ಬಿದ್ದ ಮೇಲೆ ಅವನೇ ಬಗ್ಗಿ, ಡಬ್ಬಿಗಳು ಜಾರಿಬರುವ ದಾರಿಯ ಕೆಳಗಿನಿಂದ ನಾಲ್ಕು ಮಡಿಕೆಯ ಒಂದು ತಗಡಿನ ಚೂರು ಎಳೆದು ತೆಗೆದ. ಆ ದಾರಿ ಒಂದು ಪಕ್ಕಕ್ಕೆ ವಾಲುತ್ತಿತ್ತಂತೆ. ಬೈಸಿಕೊಳ್ಳುವುದೇಕೆ ಎಂದು ವರ್ಷದ ಹಿಂದೆ ತಾನೇ ತಗಡು ಮಡಿಚಿ ಒಳಗೆ ತುರುಕಿದ್ದನಂತೆ. ಅದು ಅದುರಿ ಅದುರಿ ಸರಿದಾಗಲೆಲ್ಲ ಡಬ್ಬಿ ಓರೆಯಾಗಿ ಬಂದು ಸೊಸೆ ಮುನಿಯುತ್ತಿದ್ದಳು. ಬೈಗುಳ ಮಾತ್ರ ಪಕ್ಕದ ಅತ್ತೆಗೆ ಬೀಳುತ್ತಿತ್ತು.

ಅವನ ಕೈಯಲ್ಲಿದ್ದ ತಗಡು ಕಂಡು ಒಬ್ಬರು ನಕ್ಕರು. ಆಮೇಲೆ ಇನ್ನೊಬ್ಬರು ತಮ್ಮ ಮೆಷಿನ್ನಿನ ಒಳಗಿನಿಂದ ರಟ್ಟಿನ ತುಂಡೊಂದನ್ನು ಹೊರತೆಗೆದರು. ಮತ್ತೊಬ್ಬರು ಮುರಿದ ಸ್ಪ್ರಿಂಗಿನ ಜಾಗಕ್ಕೆ ಬಿಗಿದಿದ್ದ ತಂತಿ ತೋರಿಸಿದರು. ಬೆಲ್ಟಿನ ಕಡೆಯವರು ಎಂದೋ ಉದುರಿದ ಬೋಲ್ಟಿನ ತೂತಿಗೆ ಬಡಿದಿದ್ದ ಮರದ ಬೆಣೆ ತೋರಿಸಿದರು. ಮುಚ್ಚಿಟ್ಟ ಮದ್ದುಗಳೆಲ್ಲ ಒಂದೊಂದಾಗಿ ಬೆಳಕಿಗೆ ಬಂದವು. ಆ ವಾರ ಕಂಬಿಗಳ ಮೇಲೆ ಎಷ್ಟು ಚಿಂದಿಯೆಂದರೆ, ಟೈಲರ್ ಅಂಗಡಿಯಲ್ಲಿ ಕೆಂಪು ಬಟ್ಟೆ ಮುಗಿದು ಹೂವಿನ ಬಟ್ಟೆ ಕಳಿಸಬೇಕಾಯಿತು. ಮೂರು ತಿಂಗಳ ಗಡುವು ಮುಗಿದ ದಿನ ಅಕ್ಕ ಮ್ಯಾನೇಜರ್ ಬಾಗಿಲಲ್ಲಿ ನಿಂತು ಕೇಳಿದಾಗ, "ಇನ್ನೂ ಯಾಕೆ ನಿಂತಿದೀರಮ್ಮಾ? ನಾಳೆ ಬೆಳಿಗ್ಗೆ ಬೇಗ ಬರಬೇಕಲ್ವಾ?" ಎಂದರಂತೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅಕ್ಕನ ಕಾಲು ನೆಲದ ಮೇಲಿರಲಿಲ್ಲ.

ಈಗಿನ ಲೆಕ್ಕ ಕೇಳಿದರೆ ಮ್ಯಾನೇಜರ್ ಮುಖ ಅರಳುತ್ತದೆ. ಮುಂಚೆ ಒಂದು ಪಾಳಿಗೆ ಎಂಟು ಸಾವಿರ ಡಬ್ಬಿ ದಾಟಿದರೆ ಅದೇ ಹೆಚ್ಚು. ಈಗ ಅರ್ಧ ಗಂಟೆ ನಿಂತ ಮೇಲೂ ಹತ್ತು ಸಾವಿರಕ್ಕೆ ಕಡಿಮೆಯಿಲ್ಲ. ದಿನಕ್ಕೆ ನಾಲ್ಕೈದು ಸಲ ನಿಲ್ಲುತ್ತಿದ್ದ ಸಾಲು ಕೆಲವು ವಾರ ಒಮ್ಮೆಯೂ ನಿಲ್ಲುವುದಿಲ್ಲ. ಡಬ್ಬಿಯ ಭತ್ಯೆ ಹೋಯಿತೆಂದು ಕೂಗಿದವರ ಮನೆಗೇ ಭತ್ಯೆ ಹೆಚ್ಚು ಹೋಗುತ್ತಿದೆ. "ಹೊಸ ಮೆಷಿನ್ ಒಂದನ್ನೂ ತರಲಿಲ್ಲ ನಾವು," ಎನ್ನುತ್ತಾರೆ ಮ್ಯಾನೇಜರ್. "ಇರೋದನ್ನೇ ಬಾಳಿಸಿದ್ರು. ಒಂದು ಚಿಂದಿ ಕಂಡ್ರೆ ಮೊದಲು ನನಗೆ ಎದೆ ಹೊಡ್ಕೋತಿತ್ತು. ಈಗ ಚಿಂದಿ ಕಾಣದೇ ಇದ್ರೆ ಹೊಡ್ಕೊಳ್ಳುತ್ತೆ."

ಎಣ್ಣೆ ಅಕ್ಕನಿಗೆ ಲೆಕ್ಕಕ್ಕಿಂತ ತೊಟ್ಟಿಯ ಕಡೆ ಕಣ್ಣು. ಅಲ್ಲೀಗ ಬೇರೊಬ್ಬ ಹೆಣ್ಣುಮಗಳು ಕೂರುತ್ತಾಳೆ. ಅವಳ ಪಕ್ಕದ ಗುಡ್ಡೆ ಎಷ್ಟು ಸಣ್ಣದಾಗಿದೆಯೆಂದರೆ ಅದನ್ನು ಗುಡ್ಡೆ ಎಂದು ಕರೆಯುವುದೇ ತಪ್ಪು. ಸಂಜೆ ಹೋಗುವ ಮುಂಚೆ ಅಕ್ಕ ಒಮ್ಮೆ ಅಲ್ಲಿಗೆ ಹೋಗಿ ಸುಮ್ಮನೆ ನೋಡಿ ಬರುತ್ತಾರೆ. ಹಾಗೆ ನೋಡುವಾಗ ಅವರ ಮುಖದಲ್ಲಿರುವುದು ಹೆಮ್ಮೆಯೇ, ಬೇರೇನಲ್ಲ. ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗುವುದಿಲ್ಲ.

ಚಿಂದಿ ಕಟ್ಟಿದ ಆ ಗ್ರೀಸ್ ಗನ್ನು ಈಗಲೂ ಅವರ ಕೈಯಲ್ಲಿದೆ. ಚಿಂದಿಯ ಕೆಂಪು ಎಂದೋ ಹೋಗಿ ಕಪ್ಪಾಗಿದೆ. ಬಿಚ್ಚಿಲ್ಲ. ಒತ್ತುವಾಗ ಬೆರಳಿಗೆ ಅದು ಸಿಗುತ್ತದೆ, ಎರಡು ಎಂದು ನೆನಪಾಗುತ್ತದೆ.

ಇವತ್ತಿನ ಅರ್ಧ ಗಂಟೆ ಮುಗಿಯುತ್ತ ಬಂದಿದೆ. ಅಕ್ಕ ಬೀಗ ತೆಗೆದು, ಎಲ್ಲರೂ ಮೆಷಿನ್ನುಗಳಿಂದ ಹಿಂದೆ ಸರಿದಿದ್ದಾರೆಯೇ ಎಂದು ಎರಡು ಸಲ ನೋಡಿ ಸ್ವಿಚ್ಚು ಮೇಲೆತ್ತುತ್ತಾರೆ. ಸದ್ದು ಮರಳುತ್ತದೆ. ಆಮೇಲೆ ಬೀಗವನ್ನೂ ಬೀಗದ ಕೈಯನ್ನೂ ಗುಡುಗಿನ ಅಂಗೈಗೆ ಹಾಕುತ್ತಾರೆ. "ಅಣ್ಣಾ, ನಾಳೆ..." ಎಂದು ಶುರುಮಾಡಿ ನಿಲ್ಲಿಸುತ್ತಾರೆ. ನಿಲ್ಲಿಸು ಎಂದು ಹೇಳಿಬಿಟ್ಟರೆ ಅದು ಮತ್ತೆ ತಮ್ಮ ಮಾತಿಗೆ ನಿಂತ ಹಾಗಾಗುತ್ತದೆ. "ನಾಳೆ ನಾನು ಬರಲ್ಲ," ಎಂದಷ್ಟೇ ಹೇಳುತ್ತಾರೆ.

"ಗೊತ್ತು ಬಿಡೀ ಅಕ್ಕಾ!" ಎಂದು ಗುಡುಗು ಗುಡುಗುತ್ತಾನೆ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ತಿರುಗಿ ನೋಡದೆ ಹೋಗುತ್ತಾನೆ.

ಮ್ಯಾನೇಜರನ್ನೂ ಒಂದು ಮಾತು ಕೇಳಿ ನೋಡುತ್ತಾರೆ. ಅವರು ಲಾರಿಯ ಚಿಂತೆಯಲ್ಲಿದ್ದಾರೆ. "ನಾಳೆ ನಿಲ್ಲಿಸಿ ಅಂತಾನೂ ಹೇಳಲ್ಲಮ್ಮಾ, ಬೇಡ ಅಂತಾನೂ ಹೇಳಲ್ಲ. ಅದು ಅವರಿಗೆ ಬಿಟ್ಟಿದ್ದು." ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಈ ಮಾತು. ಅಕ್ಕ ತಲೆಯಾಡಿಸಿ ಬರುತ್ತಾರೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎಣ್ಣೆ ಅಕ್ಕ ಕಣ್ಣಾಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿದ್ದಾರೆ. ಸರತಿಯ ಚೀಟಿಗಾಗಿ ಜನ ಕತ್ತಲಿರುವಾಗಲೇ ಬಂದು ಕೂತಿದ್ದಾರೆ. ಪಕ್ಕದಲ್ಲಿ ಅತ್ತೆ. ಎರಡು ಕಣ್ಣಿಗೂ ಪೊರೆ ಬಂದು ಮುಖಗಳು ಮಸುಕು ಮಸುಕು. ಯಾರನ್ನಾದರೂ ಗುರುತು ಹಿಡಿಯುವುದಿದ್ದರೆ ದನಿಯಿಂದಲೇ. ಆದರೂ ಆಸ್ಪತ್ರೆಯ ಬಾಗಿಲು ತೆರೆದಾಗಲೊಮ್ಮೆ ಕಿರ್ರೆನ್ನುವುದು ಅವರ ಕಿವಿಗೆ ಬಿದ್ದಿದೆ. "ಎಣ್ಣೆ ಹಾಕೋರಿಗೂ ಗತಿ ಇಲ್ಲ ಇಲ್ಲಿ," ಎನ್ನುತ್ತಾರೆ. ಸೊಸೆಗೆ ಅತ್ತ ಗಮನವೇ ಇಲ್ಲ. ಅವರ ಕಣ್ಣು ಗೋಡೆಯ ಗಡಿಯಾರದ ಮೇಲಿದೆ. ಕೈ ಎತ್ತುವ ಹೊತ್ತು ಬಂತು. ಬಲಗೈ ತನ್ನಷ್ಟಕ್ಕೆ ಮಡಿಲಿನಿಂದ ತುಸು ಮೇಲೇಳುತ್ತದೆ. ಎದುರಿಗೆ ಕೂತವರು ನೋಡಿದ್ದಕ್ಕೆ ಆ ಕೈಯಿಂದಲೇ ಕೂದಲು ಸರಿಮಾಡಿಕೊಳ್ಳುತ್ತಾರೆ.

"ಫೋನ್ ಮಾಡ್ಕೊಂಡು ಸಾಯಿ ಅತ್ಲಾಗೆ. ಆಗಿಂದ ಕಾಲು ಕುಣಿಸ್ತಿದೀಯ, ಬೆಂಚೆಲ್ಲಾ ಅಲ್ಲಾಡ್ತಿದೆ," ಎನ್ನುತ್ತಾರೆ ಅತ್ತೆ.

ಅಕ್ಕ ಇನ್ನೂ ಸ್ವಲ್ಪ ಹೊತ್ತು ತಡೆದು, ಶೆಡ್ಡಿನ ಗೋಡೆಯ ಫೋನಿಗೆ ಕರೆ ಮಾಡುತ್ತಾರೆ. ಅಭ್ಯಾಸಬಲದಿಂದ ಫೋನನ್ನು ಕಿವಿಯಿಂದ ದೂರವೇ ಹಿಡಿದು, ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕುತ್ತಾರೆ. ಗಂಟೆ ಬಡಿಯುತ್ತದೆ, ಬಡಿಯುತ್ತದೆ. ಆ ಕಡೆ ಯಾರೋ ಎತ್ತುತ್ತಾರೆ.

"ಹಲೋ. ಹೇಳಿ ಅಕ್ಕ."

ಎಷ್ಟು ಮೆತ್ತನೆಯ ದನಿ! ಪಕ್ಕದಲ್ಲಿ ಮಗು ಮಲಗಿದೆಯೇನೋ ಎಂಬಂತೆ. ಅದರ ಹಿಂದೆ ಏನೂ ಇಲ್ಲ. ತಗಡಿಲ್ಲ, ಬೆಲ್ಟಿಲ್ಲ, ಡಬ್ಬಿಯಿಲ್ಲ. ಎಲ್ಲೋ ಒಂದು ಸ್ಪ್ಯಾನರ್ ನೆಲಕ್ಕಿಟ್ಟ ಸದ್ದು, ಅಷ್ಟೇ. ಕೇಳಬೇಕೆಂದುಕೊಂಡಿದ್ದ ಪ್ರಶ್ನೆಯನ್ನು ಅಕ್ಕ ಇನ್ನು ಕೇಳಬೇಕಾಗಿಲ್ಲ.

"ಅತ್ತೆ ಪಕ್ಕದ ಕಂಬೀಲಿ ಒಂದು ಚಿಂದಿ ಇತ್ತು. ಬೋಲ್ಟ್ ಸಡಿಲ, ಬಿಗಿ ಮಾಡ್ತಿದೀವಿ. ಸೊಸೆಗೆ ಎರಡೇ ಒತ್ತು ಒತ್ತಿದೀನಿ, ಭಯ ಬೇಡ," ಎನ್ನುತ್ತದೆ ಆ ದನಿ. "ಲಾರಿ ಬರ್ಲಿ, ನೋಡ್ಕೋತೀವಿ. ಅಮ್ಮನ ಕಣ್ಣು ಚೆನ್ನಾಗಾಗ್ಲಿ ಅಂತ ಎಲ್ರೂ ಹೇಳಿದ್ರು. ಇಡ್ಲಾ? ಕೈಯೆಲ್ಲಾ ಗ್ರೀಸು."

ಫೋನ್ ಇಟ್ಟ ಮೇಲೂ ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ. ಕಣ್ಣು ತುಂಬಿದೆ. ಅತ್ತೆ ಅವರ ಕಡೆಗೆ ಮುಖ ತಿರುಗಿಸುತ್ತಾರೆ.

"ಯಾರೇ ಅದು?"

"ಗುಡುಗು, ಅತ್ತೆ."

"ಸುಳ್ಳು ಹೇಳ್ಬೇಡ. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ನನಗೆ. ಅವನು ಬೀದಿ ತುದೀಲಿ ಕೆಮ್ಮಿದ್ರೆ ನಮ್ಮನೆ ಪಾತ್ರೆ ಅಲ್ಲಾಡ್ತವೆ. ಅವನ್ಯಾಕೆ ಇಷ್ಟು ಮೆತ್ತಗೆ ಮಾತಾಡ್ತಾನೆ?"

ಎಣ್ಣೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ.

"ಮೆಷಿನ್ ನಿಂತಿದೆ ಅತ್ತೆ," ಎನ್ನುತ್ತಾರೆ. "ನಾನು ಇಲ್ಲಿ ಕೂತಿದೀನಿ, ಅಲ್ಲಿ ನಿಂತಿದೆ."